ಬಿಲ್ಟ್-ಇನ್ ಓವನ್ ವೈರಿಂಗ್: ಇಬ್ಬರು ಬಂದರು, ಒಬ್ಬರು ಮಾಡಿದರು

ಓವನ್ ಕೂರಿಸಲು ಮಾರಾಟಗಾರರ ಕಡೆಯಿಂದ ಬಂದವರ ಕೈಯಲ್ಲಿ ಒಂದು ಸ್ಕ್ರೂಡ್ರೈವರ್, ಮೂರು ಪಿನ್ನಿನ ಒಂದು ಪ್ಲಗ್ ಇತ್ತು. ಮೀಟರ್ ಇರಲಿಲ್ಲ. ಅಡುಗೆಕಟ್ಟೆಯ ಮೇಲಿದ್ದ ಪವರ್ ಪಾಯಿಂಟ್ ನೋಡಿ, "ಇದಕ್ಕೇ ಹಾಕಿಬಿಡೋಣ ಮೇಡಂ, ಎಲ್ಲಾ ಕಡೆ ಹೀಗೇ ಮಾಡೋದು" ಅಂದರು. ಅದೇ ಲೈನಿನಲ್ಲಿ ನಮ್ಮ ಫ್ರಿಜ್ಜು, ಮಿಕ್ಸಿ, ನೀರು ಕಾಯಿಸುವ ಕೆಟಲ್ ಎಲ್ಲವೂ ಇದ್ದವು. ನಾನು ಒಪ್ಪಲಿಲ್ಲ. ಓವನ್ನನ್ನು ಪೆಟ್ಟಿಗೆಯಲ್ಲೇ ಬಿಟ್ಟು ಅವರನ್ನು ಕಳಿಸಿಕೊಟ್ಟೆ.

ಒಪ್ಪದಿದ್ದುದಕ್ಕೆ ಕಾರಣವಿತ್ತು. ಓವನ್ ಬಾಗಿಲು ತೆರೆದರೆ ಚೌಕಟ್ಟಿನ ಅಂಚಿನಲ್ಲಿ ಒಂದು ಸಣ್ಣ ಪಟ್ಟಿ ಅಂಟಿಸಿರುತ್ತಾರೆ. ನಮ್ಮದರಲ್ಲಿ 3.4 ಕಿಲೋವ್ಯಾಟ್ ಎಂದಿತ್ತು. ಅದನ್ನು ಮನೆಗೆ ಬರುವ 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 14.8 ಆಂಪಿಯರ್. 2 ಕಿಲೋವ್ಯಾಟಿನ ಕೆಟಲ್ ಇನ್ನೊಂದು 8.7 ಆಂಪಿಯರ್ ಎಳೆಯುತ್ತದೆ. ಎರಡೂ ಸೇರಿ 23.5. ಆ ಲೈನಿಗಿದ್ದ ಎಂಸಿಬಿ, ಅಂದರೆ ಕರೆಂಟು ಮಿತಿಮೀರಿದರೆ ಲೈನನ್ನು ಕಡಿಯುವ ಸ್ವಿಚ್, 20 ಆಂಪಿಯರಿನದು.

"ಜಾಸ್ತಿಯಾದರೆ ಎಂಸಿಬಿ ತಾನೇ ಬೀಳುತ್ತೆ ಬಿಡಿ" ಎಂದು ಅವರು ಹೇಳಿದ್ದರು. ಬಹಳ ಜನ ನಂಬಿರುವುದೂ ಇದನ್ನೇ. ಆದರೆ ಮನೆಯ ಎಂಸಿಬಿಗಳ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ತನ್ನ ಅಳತೆಯ 1.13 ಪಟ್ಟು ಕರೆಂಟನ್ನು ಅದು ಒಂದು ಗಂಟೆ ಬೀಳದೆ ತಡೆದುಕೊಳ್ಳಬೇಕು; 1.45 ಪಟ್ಟು ಹರಿದರೆ ಒಂದು ಗಂಟೆಯೊಳಗೆ ಬೀಳಬೇಕು. 20 ಆಂಪಿಯರಿನದಕ್ಕೆ ಆ ಎರಡನೆಯ ಮಿತಿ 29. ನಮ್ಮ 23.5 ಇವೆರಡರ ನಡುವೆ ಕೂರುತ್ತದೆ. ಎಂಸಿಬಿ ಬಹಳ ಹೊತ್ತು ಸುಮ್ಮನಿರಬಹುದು, ಅಷ್ಟು ಹೊತ್ತೂ ಗೋಡೆಯೊಳಗೆ ತಂತಿ, ಬೋರ್ಡಿನೊಳಗೆ ಸಾಕೆಟ್ಟು ಬಿಸಿಯಾಗುತ್ತಿರುತ್ತವೆ. ಕೆಟಲ್ ಮೂರು ನಿಮಿಷದಲ್ಲಿ ಆರಿಹೋಗುತ್ತದೆ, ಸರಿ. ಆದರೆ ಓವನ್ನಿನದು ಹಾಗಲ್ಲ. ನಮ್ಮದರಲ್ಲಿ ಪೈರೊಲಿಸಿಸ್ ಇದೆ. ಒಳಗಿನ ಜಿಡ್ಡನ್ನು ಸುಮಾರು 500 ಡಿಗ್ರಿಯಲ್ಲಿ ಸುಟ್ಟು ಬೂದಿ ಮಾಡುವ ಈ ವಿಧಾನಕ್ಕೆ ಎರಡು ಗಂಟೆ ಹಿಡಿಯುತ್ತದೆ. ಹಳೆಯದಾಗಿ ಸ್ಪ್ರಿಂಗ್ ಸಡಿಲವಾದ ಸಾಕೆಟ್ಟನ್ನು ನಂಬಿ ಅದನ್ನು ನಡೆಸಲು ನನಗೆ ಧೈರ್ಯವಿರಲಿಲ್ಲ.

ಎರಡನೆಯವರು ಪರಿಚಯದವರ ಮೂಲಕ ಬಂದ ಎಲೆಕ್ಟ್ರಿಷಿಯನ್. ವಯಸ್ಸಾದವರು, ಜೊತೆಗೊಬ್ಬ ಹುಡುಗ. ಬಂದ ಕೂಡಲೇ ಗೋಡೆ ನೋಡಲಿಲ್ಲ. "ಅಮ್ಮಾ, ಅದರ ಪುಸ್ತಕ ಕೊಡಿ" ಅಂದರು. ನನಗೆ ನಂಬಿಕೆ ಬಂದದ್ದು ಅಲ್ಲಿಯೇ. ವೈರಿಂಗ್ ಪುಟ ತೆಗೆದು, ಓವನ್ ಹಿಂದೆ ಕರೆಂಟ್ ಬಾಕ್ಸ್ ಎಲ್ಲಿ ಬರಬಹುದು, ಎಲ್ಲಿ ಬರಬಾರದು ಎಂದು ಗೆರೆ ಹೊಡೆದು ತೋರಿಸಿದ ಚಿತ್ರದ ಮೇಲೆ ಬೆರಳಿಟ್ಟು ಹುಡುಗನಿಗೆ ವಿವರಿಸಿದರು. ಓವನ್ ಕೂರುವ ಗೂಡಿನ ಅಗಲ 56 ಸೆಂಟಿಮೀಟರ್, ಆಳ 55. ಓವನ್ನಿನ ನೇರ ಬೆನ್ನಿಗೆ ಬಾಕ್ಸ್ ಇಟ್ಟರೆ ಒಂದೋ ಓವನ್ ಪೂರ್ತಿ ಒಳಗೆ ಹೋಗುವುದಿಲ್ಲ, ಇಲ್ಲವೇ ಕೇಬಲ್ ಅಮುಕಿಹೋಗುತ್ತದೆ. ಜೊತೆಗೆ, ಕರೆಂಟ್ ತೆಗೆಯಲು ಉರಿಯುವ ಓವನ್ನನ್ನೇ ಹೊರಗೆಳೆಯಬೇಕಾಗುತ್ತದೆ.

ಹಾಗಾಗಿ ಸ್ವಿಚ್ಚನ್ನು ಪಕ್ಕದ ಕಪಾಟಿನೊಳಗೆ, ಕೈಗೆಟುಕುವಲ್ಲಿ ಕೂರಿಸಿದರು. ಅದು ಡಬಲ್ ಪೋಲ್ ಸ್ವಿಚ್, ಫೇಸ್ ನ್ಯೂಟ್ರಲ್ ಎರಡನ್ನೂ ಕಡಿಯುವಂಥದ್ದು. ಆಫ್ ಮಾಡಿದಾಗ ಒಳಗಿನ ಸಂಪರ್ಕಗಳ ನಡುವೆ ಕನಿಷ್ಠ 3 ಮಿಲಿಮೀಟರ್ ಅಂತರ ಇರಬೇಕೆಂದು ಪುಸ್ತಕದಲ್ಲಿ ಇದ್ದುದನ್ನು ಸ್ವಿಚ್ಚಿನ ಡಬ್ಬಿಯ ಮೇಲಿನ ಬರಹದ ಜೊತೆ ಹೋಲಿಸಿ ನೋಡಿಯೇ ಹಾಕಿದರು.

ಎಂಸಿಬಿಗಳಿರುವ ಡಿಬಿ ಪೆಟ್ಟಿಗೆಯಿಂದ ಓವನ್‌ವರೆಗೆ 14 ಮೀಟರ್. ಬೇರೆ ಯಾವುದಕ್ಕೂ ಕವಲೊಡೆಯದ, ನಡುವೆ ಜಾಯಿಂಟ್ ಇಲ್ಲದ, ಓವನ್ನಿಗೆಂದೇ ಮೀಸಲಾದ ಲೈನು. 2.5 ಸ್ಕ್ವೇರ್ ಎಂಎಂ ದಪ್ಪದ ತಂತಿ ಸಾಕಲ್ಲವೇ ಎಂದು ಕೇಳಿದೆ, ಖರ್ಚು ಕಡಿಮೆಯಾಗಲಿ ಎಂದು. "ನಡೆಯುತ್ತೆ ಅಮ್ಮಾ, ಆದ್ರೆ ನಿಮ್ಮ ಪೈಪಿನಲ್ಲಿ ಆಗಲೇ ಬೇರೆ ತಂತಿ ಇವೆ, ಒಂದಕ್ಕೊಂದು ಬಿಸಿ ಏರಿಸ್ತವೆ. ನಾಲ್ಕು ಸ್ಕ್ವೇರಿನದು ಹಾಕೋಣ" ಎಂದರು. ಆ ರಾತ್ರಿ ಕೂತು ಲೆಕ್ಕ ಹಾಕಿದೆ. 4 ಸ್ಕ್ವೇರ್ ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 4.6 ಓಮ್ ಪ್ರತಿರೋಧ, 2.5ಕ್ಕೆ 7.4. ಹೋಗುವ ದಾರಿ ಬರುವ ದಾರಿ ಸೇರಿ 28 ಮೀಟರಿನಲ್ಲಿ 14.8 ಆಂಪಿಯರ್ ಹರಿದರೆ ಸಣ್ಣ ತಂತಿ ಗೋಡೆಯೊಳಗೆ 45 ವ್ಯಾಟ್ ಶಾಖ ಬಿಡುತ್ತದೆ, ದಪ್ಪನೆಯದು 28. ಅವರು ಕಾಗದ ಪೆನ್ಸಿಲ್ ಇಲ್ಲದೆ ಹೇಳಿದ್ದು ಸರಿಯಾಗಿತ್ತು. ನಿಮ್ಮ ಮನೆಯಲ್ಲಿ ದೂರ ಎಷ್ಟು, ತಂತಿ ಯಾವ ಪೈಪಿನಲ್ಲಿ ಹೋಗುತ್ತದೆ, ಅಲ್ಲಿನ ವಿದ್ಯುತ್ ನಿಯಮ ಏನು ಎಂಬುದರ ಮೇಲೆ ಇದು ಬದಲಾಗುತ್ತದೆ, ಆದ್ದರಿಂದ ನನ್ನ ಅಂಕಿಯನ್ನೇ ಕಣ್ಮುಚ್ಚಿ ಬಳಸಬೇಡಿ.

ನನಗೆ ಅತಿ ಹೆಚ್ಚು ಮೆಚ್ಚುಗೆಯಾದದ್ದು ಟರ್ಮಿನಲ್ ಕೆಲಸ. ಓವನ್ನಿನ ಕೇಬಲ್ಲು ಎಳೆ ಎಳೆಯಾಗಿರುವ ತಂತಿ. ಅದನ್ನು ಹಾಗೇ ತಿರುಚಿ ಸ್ಕ್ರೂವಿನಡಿ ತುರುಕಿದರೆ ನಾಲ್ಕಾರು ಎಳೆಗಳು ಹೊರಗುಳಿಯುತ್ತವೆ. ಅವರು ಪ್ರತಿ ತುದಿಗೂ ಲೋಹದ ಪುಟ್ಟ ಕೊಳವೆ ಹಾಕಿ ಒತ್ತಿದರು. ಹುಡುಗ "ಸೀಸ ಬೆಸೆದರೆ ಆಗೋದಿಲ್ವಾ?" ಎಂದಾಗ, ಬೆಸುಗೆ ಮೆತ್ತಗಿರುವುದರಿಂದ ಸ್ಕ್ರೂವಿನ ಒತ್ತಡಕ್ಕೆ ನಿಧಾನವಾಗಿ ಜರುಗಿ ಸಡಿಲವಾಗುತ್ತದೆ ಎಂದರು. ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೂ ಲೆಕ್ಕವಿದೆ: ಒಂದು ಸ್ಕ್ರೂವಿನಲ್ಲಿ ಬರೀ 0.1 ಓಮ್ ಹೆಚ್ಚುವರಿ ಪ್ರತಿರೋಧ ಹುಟ್ಟಿಕೊಂಡರೆ, ಬೆರಳ ತುದಿಯಷ್ಟು ಜಾಗದಲ್ಲಿ 22 ವ್ಯಾಟ್ ಶಾಖ. ಪ್ಲಾಸ್ಟಿಕ್ಕು ಕಂದು ಬಣ್ಣಕ್ಕೆ ತಿರುಗುವುದು ಹೀಗೆಯೇ. ಅರ್ತ್ ತಂತಿಯನ್ನು ಉಳಿದೆರಡಕ್ಕಿಂತ ಒಂದಿಷ್ಟು ಉದ್ದ ಬಿಟ್ಟರು. ಕೇಬಲ್ ಎಂದಾದರೂ ಎಳೆದುಹೋದರೆ ಕೊನೆಗೆ ಕಳಚಬೇಕಾದದ್ದು ಅದು.

ತಂತಿ ಎಳೆದಾದ ಮೇಲೆ, ಓವನ್ ಜೋಡಿಸುವ ಮೊದಲೇ ಮೆಗ್ಗರ್ ಎಂಬ ಮೀಟರ್ ಹಿಡಿದು 500 ವೋಲ್ಟಿನಲ್ಲಿ ಇನ್ಸುಲೇಷನ್, ಅಂದರೆ ಕರೆಂಟು ಸೋರದಂತೆ ತಡೆಯುವ ಹೊದಿಕೆ, ಸರಿ ಇದೆಯೇ ಎಂದು ನೋಡಿದರು. ಎಲ್ಲ ಸರಿ. ಓವನ್ ಜೋಡಿಸಿ ಗ್ರಿಲ್ ಹಾಕಿದ ಒಂದು ನಿಮಿಷಕ್ಕೆ ಕರೆಂಟು ಸೋರಿದರೆ ಲೈನನ್ನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬಿತ್ತು. ಮತ್ತೆ ಹಾಕಿದರೆ ಮತ್ತೆ ಬಿತ್ತು.

ನನಗೆ ಗಾಬರಿಯಾಗಿ ಮಾರಾಟಗಾರರ ಕಡೆಯವರಿಗೆ ಫೋನ್ ಮಾಡಿದೆ. "ಅರ್ತ್ ವೈರ್ ತೆಗೆದುಬಿಡಿ, ಬೀಳಲ್ಲ" ಅಂದರು. ಇದನ್ನು ಯಾರೇ ಹೇಳಲಿ, ದಯವಿಟ್ಟು ಕೇಳಬೇಡಿ. ಓವನ್ನಿನ ಮೈಯೆಲ್ಲ ಲೋಹ. ಅರ್ತ್ ಇಲ್ಲದಿದ್ದರೆ ಸೋರುವ ಕರೆಂಟು ಆ ಮೈಮೇಲೆ ನಿಂತು, ಮುಟ್ಟಿದವರ ಮೂಲಕ ನೆಲಕ್ಕೆ ಇಳಿಯುತ್ತದೆ.

ನಮ್ಮ ಎಲೆಕ್ಟ್ರಿಷಿಯನ್ನರು ಕರೆಂಟ್ ಪೂರ್ತಿ ತೆಗೆದು ಬಿಸಿ ಕೊಡುವ ಒಂದೊಂದು ಎಲಿಮೆಂಟಿನ ಇನ್ಸುಲೇಷನ್ನನ್ನೂ ಬೇರೆ ಬೇರೆಯಾಗಿ ಅಳೆದರು. ಮೇಲಿನ ಗ್ರಿಲ್ ಎಲಿಮೆಂಟಿನದು ಮಾತ್ರ ಕಡಿಮೆ ಬಂತು. ಎಲಿಮೆಂಟಿನ ಕೊಳವೆಯೊಳಗೆ ಕಾಯಿಲಿನ ಸುತ್ತ ಮೆಗ್ನೀಷಿಯಂ ಆಕ್ಸೈಡ್ ಪುಡಿ ತುಂಬಿರುತ್ತದೆ, ಅದಕ್ಕೆ ತೇವ ಹೀರುವ ಗುಣ. ಓವನ್ ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿ ಕೂತಿತ್ತು. ಗ್ರಿಲ್ ಬಿಟ್ಟು, ಹಿಂದಿನ ಫ್ಯಾನಿನ ಎಲಿಮೆಂಟ್ ಒಂದನ್ನೇ 100 ಡಿಗ್ರಿಗೆ ಇಟ್ಟು ಮುಕ್ಕಾಲು ಗಂಟೆ ನಡೆಸಿದರು. ತಣ್ಣಗಾದ ಮೇಲೆ ಮತ್ತೆ ಅಳೆದಾಗ ಗ್ರಿಲ್ ಎಲಿಮೆಂಟಿನ ಅಂಕಿ ಏರಿತ್ತು. ಅಲ್ಲಿಂದ ಇಲ್ಲಿಯವರೆಗೆ ಒಮ್ಮೆಯೂ ಬಿದ್ದಿಲ್ಲ.

ಅವರ ಕೆಲಸದಲ್ಲಿ ಎರಡು ಕೊರತೆ ಹೇಳಲೇಬೇಕು. ಕಪಾಟಿನ ಹಲಗೆಗೆ ಕೊರೆದ ತೂತಿನ ಅಂಚನ್ನು ಒರಟಾಗಿಯೇ ಬಿಟ್ಟಿದ್ದರು, ಕೇಬಲ್ ಅದರ ಮೇಲೆ ಉಜ್ಜುತ್ತಿತ್ತು. ತೋರಿಸಿದ ಮೇಲೆ ರಬ್ಬರ್ ಬಳೆ ತಂದು ಹಾಕಿದರು. ಇನ್ನೊಂದು, ಬಳಸಿದ ಮೇಲೆ ಸ್ವಿಚ್ ಆಫ್ ಮಾಡಿ ಎಂದು ಅಮ್ಮನಿಗೆ ಹೇಳಿಹೋಗಿದ್ದರು. ಅಮ್ಮ ಪಾಪ ಓವನ್ ಆರಿದ ತಕ್ಷಣ ಆಫ್ ಮಾಡುತ್ತಿದ್ದರು. ಓವನ್ ಆರಿದ ಮೇಲೂ ಅದರ ಕೂಲಿಂಗ್ ಫ್ಯಾನ್ ಬಹಳ ಹೊತ್ತು ತಿರುಗಬೇಕು, ಸುತ್ತಲಿನ ಮರ, ಒಳಗಿನ ಎಲೆಕ್ಟ್ರಾನಿಕ್ಸ್ ತಣಿಯುವುದು ಅದರಿಂದಲೇ. ಫ್ಯಾನ್ ತಾನಾಗಿ ನಿಂತ ಮೇಲೆ ಆಫ್ ಮಾಡುವುದನ್ನು ಈಗ ಇಬ್ಬರೂ ರೂಢಿ ಮಾಡಿಕೊಂಡಿದ್ದೇವೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆರು ತಿಂಗಳಾದ ಮೇಲೆ ನಾನು ಕರೆಯದೆಯೇ ಬಂದರು. ಬಿಸಿಯಾಗಿ ತಣ್ಣಗಾಗಿ ಸ್ಕ್ರೂ ಸಡಿಲವಾಗಿರಬಹುದು, ಒಮ್ಮೆ ನೋಡಬೇಕು ಅಂದರು. ಮೇನ್ ಆಫ್ ಮಾಡಿ, ಟೆಸ್ಟರಿನಲ್ಲಿ ಪರೀಕ್ಷಿಸಿ, ಮುಚ್ಚಳ ತೆಗೆದರು. ಫೇಸ್ ಬಿಗಿಯಾಗಿತ್ತು, ಅರ್ತ್ ಬಿಗಿಯಾಗಿತ್ತು. ನ್ಯೂಟ್ರಲ್ಲಿನ ಸ್ಕ್ರೂ ಕಾಲು ಸುತ್ತು ತಿರುಗಿತು.