‘ಅಂದು ಕೊಂಡಿದ್ದರೆ ಇಂದು ಎಷ್ಟು?’ ಎನ್ನುವ ಷೇರು ಕ್ಯಾಲ್ಕ್ಯುಲೇಟರ್‌ಗಳು: ಒರೆಗೆ ಹಚ್ಚಿದಾಗ ಕಂಡದ್ದು

ಒಂದೇ ಕಂಪನಿಯ ಷೇರನ್ನು ಇಪ್ಪತ್ತು, ಮೂವತ್ತು ವರ್ಷ ಮಾರದೆ ಇಟ್ಟುಕೊಂಡಿದ್ದರೆ ಎಷ್ಟಾಗುತ್ತಿತ್ತು ಎಂದು ಹೇಳುವ ಉಚಿತ ಕ್ಯಾಲ್ಕ್ಯುಲೇಟರ್‌ಗಳು ಮೂರು ಕಡೆ ಸಿಗುತ್ತವೆ: ಬ್ರೋಕರ್ ಆ್ಯಪ್‌ಗಳಲ್ಲಿ, ಹಣಕಾಸು ಸುದ್ದಿಯ ಜಾಲತಾಣಗಳಲ್ಲಿ, ಕೆಲವು ಕಂಪನಿಗಳ ಹೂಡಿಕೆದಾರರ ಪುಟಗಳಲ್ಲಿ. ಕಂಪನಿಯ ಹೆಸರು, ಕೊಂಡ ದಿನ, ಹಾಕಿದ ಮೊತ್ತ ಕೊಟ್ಟರೆ ದಪ್ಪ ಅಕ್ಷರದಲ್ಲಿ ಒಂದು ಸಂಖ್ಯೆ ಬರುತ್ತದೆ. ಆ ಸಂಖ್ಯೆ ಎಲ್ಲಿಂದ ಬಂತು ಎಂದು ತೋರಿಸದ ಕ್ಯಾಲ್ಕ್ಯುಲೇಟರ್ ಅನ್ನು ಬಳಸದಿರುವುದೇ ಮೇಲು. ತೋರಿಸುವವುಗಳಲ್ಲೂ ಎಡವಟ್ಟು ಕಡಿಮೆಯೇನಿಲ್ಲ.

ಮೊದಲ ಪರೀಕ್ಷೆ ಸ್ಪ್ಲಿಟ್, ಎಂದರೆ ಒಂದು ಷೇರನ್ನು ಹಲವು ಷೇರುಗಳಾಗಿ ಒಡೆಯುವುದು. ಆಪಲ್ ಕಂಪನಿ 1980ರ ಡಿಸೆಂಬರ್‌ನಲ್ಲಿ 22 ಡಾಲರ್‌ಗೊಂದರಂತೆ ಷೇರು ವಿತರಿಸಿತು. ಆಮೇಲೆ 1987, 2000, 2005ರಲ್ಲಿ ಒಂದು ಷೇರು ಎರಡಾಯಿತು, 2014ರಲ್ಲಿ ಒಂದು ಏಳಾಯಿತು, 2020ರಲ್ಲಿ ಒಂದು ನಾಲ್ಕಾಯಿತು. ಗುಣಿಸಿದರೆ 224. ಅಂದರೆ ಸ್ಪ್ಲಿಟ್‌ಗಳಿಗೆ ತಕ್ಕಂತೆ ಹೊಂದಿಸಿದ ಆರಂಭಿಕ ಬೆಲೆ 10 ಸೆಂಟ್‌ನ ಆಸುಪಾಸಿನಲ್ಲಿ ಕಾಣಬೇಕು. 22 ಡಾಲರ್ ಎಂದೇ ತೋರಿಸಿ ಷೇರುಗಳ ಸಂಖ್ಯೆಯನ್ನೂ ಬದಲಿಸದಿದ್ದರೆ ಆ ಪುಟವನ್ನು ಅಲ್ಲೇ ಮುಚ್ಚಬಹುದು. ಸಾಮಾನ್ಯವಾಗಿ ಇಷ್ಟು ಹಂತವನ್ನು ಎಲ್ಲವೂ ದಾಟುತ್ತವೆ.

ಆದರೆ ಬೋನಸ್ ಷೇರು (ಇರುವ ಷೇರಿನ ಜೊತೆಗೆ ಕಂಪನಿ ಬಿಟ್ಟಿಯಾಗಿ ಕೊಡುವ ಷೇರು) ಬಂದಾಗ ತಪ್ಪುತ್ತವೆ. ಇದಕ್ಕೆ ಇನ್ಫೋಸಿಸ್‌ಗಿಂತ ಒಳ್ಳೆಯ ಪ್ರಶ್ನೆಪತ್ರಿಕೆ ಸಿಗಲಿಕ್ಕಿಲ್ಲ. 1993ರಲ್ಲಿ 95 ರೂಪಾಯಿಗೆ ಬಂದ ಷೇರು ಅದು. 1994, 1997, 1999ರಲ್ಲಿ 1:1 ಬೋನಸ್, 2000ದಲ್ಲಿ ಮುಖಬೆಲೆ 10ರಿಂದ 5 ರೂಪಾಯಿಗೆ ಇಳಿದು ಒಂದು ಷೇರು ಎರಡಾದ ಸ್ಪ್ಲಿಟ್, 2004ರಲ್ಲಿ 3:1 ಬೋನಸ್, ಬಳಿಕ 2006, 2014, 2015, 2018ರಲ್ಲಿ ಮತ್ತೆ 1:1. ಆಗಿನ 100 ಷೇರು ಈಗ 1,02,400. ಕ್ಯಾಲ್ಕ್ಯುಲೇಟರ್ 76,800 ಎಂದರೆ ಎಡವಿದ ಜಾಗ 2004. ಬೋನಸ್‌ನಲ್ಲಿ 3:1 ಎಂದರೆ ಕೈಯಲ್ಲಿರುವ ಒಂದರ ಜೊತೆಗೆ ಮೂರು ಬಿಟ್ಟಿ, ಒಟ್ಟು ನಾಲ್ಕು. ಸ್ಪ್ಲಿಟ್‌ನಲ್ಲಿ ಅದೇ 3:1 ಎಂದರೆ ಒಂದು ಹೋಗಿ ಮೂರು. ಎರಡನ್ನೂ ಒಂದೇ ಕಾಲಂನಲ್ಲಿ ತುಂಬಿಸಿದ ಡೇಟಾದಿಂದ ಹುಟ್ಟುವ ತಪ್ಪು ಇದು. 1:1 ಬೋನಸ್ ಅನ್ನು ‘ಬದಲಾವಣೆಯೇ ಇಲ್ಲ’ ಎಂದು ಓದಿಕೊಳ್ಳುವುದೂ ಇದೇ ಜಾತಿಯದು.

ಎರಡನೆಯದು ಡಿವಿಡೆಂಡ್, ಎಂದರೆ ಕಂಪನಿ ತನ್ನ ಲಾಭದಿಂದ ಷೇರುದಾರರಿಗೆ ಹಂಚುವ ಹಣ. ಲೆಕ್ಕ ಸದ್ದಿಲ್ಲದೆ ಅತಿ ಹೆಚ್ಚು ಕೆಡುವುದು ಇಲ್ಲೇ. ಬೆಲೆ ವರ್ಷಕ್ಕೆ 8 ಶೇಕಡಾ ಏರುತ್ತಾ, ಮೇಲೆ 3 ಶೇಕಡಾ ಡಿವಿಡೆಂಡ್ ಬಂದು, ಅದೂ ಅದೇ ಷೇರಿಗೆ ಮರಳಿ ಹೋಯಿತು ಎಂದಿಟ್ಟುಕೊಳ್ಳಿ. 30 ವರ್ಷದಲ್ಲಿ ಬೆಲೆ ಮಾತ್ರ ನೋಡಿದರೆ ಹಣ 10 ಪಟ್ಟು, ಮರುಹೂಡಿಕೆ ಸೇರಿಸಿದರೆ ಸುಮಾರು 23 ಪಟ್ಟು. ಬ್ರೋಕರ್ ಆ್ಯಪ್‌ಗಳಲ್ಲಿ ಕಾಣುವ ‘ಒಟ್ಟು ಲಾಭ’ ಹಲವು ಸಲ ಬರೀ ಬೆಲೆಯ ಲೆಕ್ಕ, ಏಕೆಂದರೆ ಡಿವಿಡೆಂಡ್ ಹೋಗುವುದು ನೇರ ಬ್ಯಾಂಕ್ ಖಾತೆಗೆ, ಆ್ಯಪ್‌ಗೆ ಅದರ ಸುಳಿವಿರುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ: ಒಂದೇ ಡಿವಿಡೆಂಡ್ ಅನ್ನು ಎರಡು ಬಾರಿ ಎಣಿಸುವುದು. ‘ಅಡ್ಜಸ್ಟೆಡ್ ಕ್ಲೋಸ್’ ಎಂಬ ಬೆಲೆಯಲ್ಲಿ ಸಾಮಾನ್ಯವಾಗಿ ಡಿವಿಡೆಂಡ್ ಆಗಲೇ ಸೇರಿರುತ್ತದೆ. ಹಿಂದಿನ ದಿನದ ಬೆಲೆ 100 ಇದ್ದು 2 ಡಿವಿಡೆಂಡ್ ಬಂದರೆ, ಆ 100ನ್ನೂ ಸೇರಿಸಿ ಹಿಂದಿನ ಎಲ್ಲ ಬೆಲೆಗಳನ್ನು 0.98ರಿಂದ ಗುಣಿಸಿಟ್ಟಿರುತ್ತಾರೆ. ಆ ಬೆಲೆ ಬಳಸಿ, ಮೇಲೆ ಡಿವಿಡೆಂಡ್ ಮೊತ್ತವನ್ನೂ ಕೂಡಿಸಿದರೆ ಲಾಭ ಉಬ್ಬುತ್ತದೆ. ಪತ್ತೆ ಹಚ್ಚುವುದು ಸುಲಭ. ಡಿವಿಡೆಂಡ್ ಮರುಹೂಡಿಕೆಯ ಗುಂಡಿಯನ್ನು ಆಫ್ ಮಾಡಿ, ಆರಂಭದ ಬೆಲೆ ನೋಡಿ. ಸ್ಪ್ಲಿಟ್ ಮಾತ್ರ ಹೊಂದಿಸಿದ ಬೆಲೆಗಿಂತ ಅದು ಇನ್ನೂ ಕೆಳಗಿದ್ದರೆ, ಗುಂಡಿ ಬರೀ ಅಲಂಕಾರಕ್ಕೆ.

ಡಿಮರ್ಜರ್ (ಒಂದು ಕಂಪನಿ ಒಡೆದು ಬೇರೆ ಬೇರೆ ಕಂಪನಿಗಳಾಗುವುದು) ವಿಷಯದಲ್ಲಿ ಇವುಗಳ ಮೇಲೆ ಹೆಚ್ಚು ಭರವಸೆ ಇಡಬೇಡಿ. ಜನರಲ್ ಎಲೆಕ್ಟ್ರಿಕ್ 2021ರಲ್ಲಿ ಎಂಟು ಷೇರುಗಳನ್ನು ಒಂದಾಗಿಸಿತು, 2023ರಲ್ಲಿ ಮೂರಕ್ಕೊಂದರಂತೆ ಹೆಲ್ತ್‌ಕೇರ್ ಷೇರು, 2024ರಲ್ಲಿ ನಾಲ್ಕಕ್ಕೊಂದರಂತೆ ವರ್ನೋವಾ ಷೇರು ಕೊಟ್ಟಿತು. ಮೊದಲು 800 ಷೇರು ಇದ್ದವರ ಬಳಿ ಈಗ ಮೂಲ ಕಂಪನಿಯ 100, ಹೆಲ್ತ್‌ಕೇರ್‌ನ 33, ವರ್ನೋವಾದ 25 ಇರಬೇಕು. ತುಂಡು ಷೇರಿಗೆ ನಗದು. ಉಪಕರಣ ಬರೀ 100 ತೋರಿಸಿದರೆ ಎರಡು ಕಂಪನಿಗಳೇ ನಾಪತ್ತೆ. 800 ತೋರಿಸಿದರೆ ಮೂಲ ಕಂಪನಿಯ ಷೇರುಗಳ ಮೌಲ್ಯ ಎಂಟು ಪಟ್ಟು ಸುಳ್ಳು.

ವಾರ್ಷಿಕ ದರದ ವಿಷಯಕ್ಕೆ ಬಂದರೆ, ‘ನೂರು ಪಟ್ಟು’ ಎಂದು ಕಣ್ಣು ಕುಕ್ಕುವ ಫಲಿತಾಂಶ 30 ವರ್ಷಕ್ಕೆ ಹರಡಿದಾಗ 16.6 ಶೇಕಡಾ ಚಕ್ರಬಡ್ಡಿ. ಒಳ್ಳೆಯ ದರವೇ, ಆದರೆ ಪವಾಡವಲ್ಲ. ಕೆಲವು ಕ್ಯಾಲ್ಕ್ಯುಲೇಟರ್‌ಗಳು ದಿನಗಳನ್ನು ಬಿಟ್ಟು ಇಸವಿಗಳನ್ನು ಎಣಿಸುತ್ತವೆ. 2004ರ ಡಿಸೆಂಬರ್‌ನಿಂದ 2020ರ ಜನವರಿವರೆಗೆ 15 ವರ್ಷ ಚಿಲ್ಲರೆ. ಅದನ್ನು 16 ಎಂದುಕೊಂಡರೆ ಹತ್ತು ಪಟ್ಟಾದ ಹಣದ ದರ 16.5ರಿಂದ 15.5ಕ್ಕೆ ಇಳಿದುಬಿಡುತ್ತದೆ.

ಇಷ್ಟೂ ಸರಿಯಿದ್ದರೂ ನೋಡಲೇಬೇಕಾದ್ದು ಇನ್ನೊಂದಿದೆ: ನಡುದಾರಿಯ ಕುಸಿತ. ಅಮೆಜಾನ್ 1999ರ ಶಿಖರದಿಂದ 2001ರ ಹೊತ್ತಿಗೆ 90 ಶೇಕಡಾಕ್ಕೂ ಹೆಚ್ಚು ಬಿತ್ತು. 90 ಕಳೆದುಕೊಂಡ ಹಣ ಮೊದಲಿನಂತಾಗಲು ಹತ್ತು ಪಟ್ಟಾಗಬೇಕು. ಮೈಕ್ರೋಸಾಫ್ಟ್‌ನ 1999ರ ಡಿಸೆಂಬರ್‌ನ ಬೆಲೆ ಮತ್ತೆ ಕಂಡದ್ದು 2016ರಲ್ಲಿ. ಕಂಪನಿ ಲಾಭದಲ್ಲಿದ್ದೂ ಬೆಲೆ ಅಷ್ಟು ವರ್ಷ ಹಿಂದೆ ಬಿದ್ದಿತ್ತು ಎಂಬುದನ್ನು ಆರಂಭ ಮತ್ತು ಅಂತ್ಯ ಎರಡೇ ಚುಕ್ಕಿ ತೋರಿಸುವ ಪುಟ ಹೇಳುವುದೇ ಇಲ್ಲ. ಗರಿಷ್ಠ ಕುಸಿತ, ಅದರಿಂದ ಚೇತರಿಸಿಕೊಳ್ಳಲು ಹಿಡಿದ ಅವಧಿ, ಈ ಎರಡನ್ನೂ ಕೊಡುವ ಉಪಕರಣ ಸಿಕ್ಕರೆ ಉಳಿದ ಸಣ್ಣಪುಟ್ಟ ಕೊರತೆ ಸಹಿಸಿಕೊಳ್ಳಬಹುದು. ಕೊಡದಿದ್ದರೆ ಕೊಂಡ ದಿನವನ್ನು ಆರಾರು ತಿಂಗಳು ಹಿಂದೆ ಮುಂದೆ ಸರಿಸಿ ಫಲಿತಾಂಶ ಎಷ್ಟು ಓಲಾಡುತ್ತದೆ ನೋಡಿ. ‘ಗರಿಷ್ಠ ಅವಧಿ’ ಎಂಬ ಗುಂಡಿ ಷೇರು ಪೇಟೆಗೆ ಬಂದ ದಿನದಿಂದಲೇ ಎಣಿಸುತ್ತದೆ. ಆ ದಿನ ಆ ಬೆಲೆಗೆ ಷೇರು ಎಷ್ಟು ಜನರಿಗೆ ಸಿಕ್ಕಿತ್ತು ಎಂಬುದು ಅದರ ತಲೆನೋವಲ್ಲ.

ಇನ್ನು ಪಟ್ಟಿಯಲ್ಲೇ ಇಲ್ಲದ ಹೆಸರುಗಳು. ಎನ್ರಾನ್ (2001ರಲ್ಲಿ ದಿವಾಳಿ), ಲೇಮನ್ ಬ್ರದರ್ಸ್ (2008) ಎಂದು ಹುಡುಕಿ ನೋಡಿ. ಬಹುತೇಕ ಕಡೆ ‘ಕಂಪನಿ ಸಿಗಲಿಲ್ಲ’ ಎಂದೇ ಬರುತ್ತದೆ. ಬದುಕಿರುವ ಕಂಪನಿಗಳನ್ನು ಮಾತ್ರ ಆಯ್ದುಕೊಳ್ಳಲು ಬಿಟ್ಟರೆ ದೀರ್ಘಾವಧಿ ಸದಾ ಗೆದ್ದಂತೆಯೇ ಕಾಣುವುದು. ಹಣಕಾಸು ಸಂಶೋಧಕ ಹೆಂಡ್ರಿಕ್ ಬೆಸೆಂಬೈಂಡರ್ 1926ರಿಂದ 2016ರವರೆಗಿನ ಅಮೆರಿಕದ ಷೇರುಗಳನ್ನು, ಮುಚ್ಚಿಹೋದವನ್ನೂ ಸೇರಿಸಿ, ಲೆಕ್ಕ ಹಾಕಿದಾಗ ಅರ್ಧಕ್ಕಿಂತ ಹೆಚ್ಚು ಷೇರುಗಳ ಜೀವಮಾನದ ಗಳಿಕೆ ಒಂದು ತಿಂಗಳ ಟ್ರೆಷರಿ ಬಿಲ್‌ಗಿಂತಲೂ (ಸರ್ಕಾರದ ಅಲ್ಪಾವಧಿ ಸಾಲಪತ್ರ) ಕಡಿಮೆಯಿತ್ತು. ಟ್ರೆಷರಿ ಬಿಲ್‌ಗಿಂತ ಮೇಲೆ ಮಾರುಕಟ್ಟೆ ಒಟ್ಟಾರೆ ಗಳಿಸಿದ ಸಂಪತ್ತೆಲ್ಲ ಸುಮಾರು 4 ಶೇಕಡಾ ಕಂಪನಿಗಳಿಂದ ಬಂದದ್ದು. ಈ ಹಿನ್ನೆಲೆಯನ್ನು ಫಲಿತಾಂಶದ ಪಕ್ಕದಲ್ಲಿ ಸೂಚಿಸುವ ಪುಟಕ್ಕೆ ಒಂದು ಅಂಕ ಹೆಚ್ಚು ಕೊಡಬಹುದು. ಕೊನೇಪಕ್ಷ ಅದೇ ಅವಧಿಯ ಸೂಚ್ಯಂಕದ ಗಳಿಕೆಯನ್ನಾದರೂ ತೋರಿಸಬೇಕು, ಅದೂ ಡಿವಿಡೆಂಡ್ ಸಮೇತ.

ಮೂರು ಬಗೆಯಲ್ಲಿ ಯಾವುದು ವಾಸಿ? ಸ್ಪ್ಲಿಟ್, ಬೋನಸ್, ಡಿವಿಡೆಂಡ್ ದಿನಾಂಕಗಳಿಗೆ ಕಂಪನಿಯ ಸ್ವಂತ ಪುಟ. ಹೋಲಿಕೆಗೆ ಸುದ್ದಿತಾಣ. ಬ್ರೋಕರ್ ಆ್ಯಪ್ ಇರುವುದು ಕೊಳ್ಳಲು, ಮಾರಲು. ಅಲ್ಲಿನ ಲಾಭದ ಅಂಕಿಯನ್ನು ಅಂದಾಜು ಎಂದಷ್ಟೇ ತೆಗೆದುಕೊಳ್ಳಿ.

ಕಂತುಕಂತಾಗಿ ಕೊಂಡವರಿಗೆ ಈ ಮೂರೂ ಸಾಲವು, ಸ್ಪ್ರೆಡ್‌ಶೀಟ್ ಬೇಕು. ಗೂಗಲ್ ಶೀಟ್ಸ್‌ನ ಗೂಗಲ್‌ಫೈನಾನ್ಸ್ ಫಂಕ್ಷನ್ ಕೊಡುವ ಹಳೆಯ ಬೆಲೆಯಲ್ಲಿ ಡಿವಿಡೆಂಡ್ ಸೇರಿರುವುದಿಲ್ಲ ಎಂಬುದು ನೆನಪಿರಲಿ. ಒಂದು ಕಾಲಂನಲ್ಲಿ ದಿನಾಂಕ, ಇನ್ನೊಂದರಲ್ಲಿ ಮೊತ್ತ: ಕೊಂಡದ್ದಕ್ಕೆ ಮೈನಸ್, ಕೈಗೆ ಬಂದ ಪ್ರತಿ ಡಿವಿಡೆಂಡ್‌ಗೆ ಪ್ಲಸ್, ಕೊನೆಯ ಸಾಲಿನಲ್ಲಿ ಇಂದಿನ ಮೌಲ್ಯ ಪ್ಲಸ್. ಅದರ ಮೇಲೆ ಎಕ್ಸ್‌ಐಆರ್‌ಆರ್ ಓಡಿಸಿ; ಬೇರೆ ಬೇರೆ ದಿನ ಹೋದ, ಬಂದ ಹಣದಿಂದ ವಾರ್ಷಿಕ ದರ ಲೆಕ್ಕ ಹಾಕುವ ಫಂಕ್ಷನ್ ಅದು. ಉತ್ತರದ ಬದಲು ದೋಷ ಸಂದೇಶ ಬಂದರೆ ಮೊದಲು ಚಿಹ್ನೆಗಳನ್ನು ನೋಡಿ. ಎಲ್ಲ ಮೊತ್ತಗಳೂ ಒಂದೇ ಚಿಹ್ನೆಯಲ್ಲಿದ್ದರೆ ಅದು ಲೆಕ್ಕ ಮಾಡುವುದಿಲ್ಲ. ಕೊನೆಯ ಸಾಲಿನಲ್ಲಿ ಬರೆಯಬೇಕಾದ್ದು ತೆರೆಯ ಮೇಲಿನ ಮೌಲ್ಯದಿಂದ ತೆರಿಗೆ, ಬ್ರೋಕರೇಜ್ ಕಳೆದು ಉಳಿಯುವ ಮೊತ್ತ.