ರಾಕ್ ರೂಟರ್: ವರ್ಷಗಟ್ಟಲೆ ಓಡಿಸಿದ ಮೇಲಿನ ವಿಮರ್ಶೆ

ನಮ್ಮ ಆಫೀಸಿನ ನೆಟ್‌ವರ್ಕ್ ರೂಮಿನಲ್ಲಿ ರಾಕಿಗೆ (ಉಪಕರಣಗಳನ್ನು ಒಂದರ ಮೇಲೊಂದು ಬಿಗಿಯುವ ಲೋಹದ ಚೌಕಟ್ಟಿಗೆ) ಏರಿಸುವ ಈ ರೂಟರ್ ವರ್ಷಗಳಿಂದ ಹಗಲೂ ರಾತ್ರಿ ಓಡುತ್ತಿದೆ. 1ಯು (ರಾಕಿನ ಒಂದು ಅಂತಸ್ತಿನ) ಎತ್ತರ, ತಾಮ್ರದ ಕೇಬಲ್ ಹಾಕುವ 8 ಗಿಗಾಬಿಟ್ ಪೋರ್ಟ್‌ಗಳು, ಮಾಡ್ಯೂಲ್ ಚುಚ್ಚಿ ಬಳಸುವ 4 ಎಸ್‌ಎಫ್‌ಪಿ ಪ್ಲಸ್ ಪೋರ್ಟ್‌ಗಳು, ಹಿಂದೆ ಎರಡು ಪವರ್ ಸಪ್ಲೈ. ತೆಗೆದುಕೊಳ್ಳಬಹುದಾ ಅಂತ ಕೇಳಿದರೆ ಧೈರ್ಯವಾಗಿ ಹೌದು ಅನ್ನುತ್ತೇನೆ. ಕಂಪನಿಯ ಹೆಸರನ್ನು ಬೇಕಂತಲೇ ಬರೆದಿಲ್ಲ. ಇದೇ ಅಳತೆಯ, ಇದೇ ಜೋಡಣೆಯ ಪೆಟ್ಟಿಗೆಗಳನ್ನು ಹಲವರು ಮಾಡುತ್ತಾರೆ. ಇಲ್ಲಿ ಹೇಳುವುದು ಹೆಚ್ಚುಕಡಿಮೆ ಎಲ್ಲಕ್ಕೂ ಸಲ್ಲುತ್ತದೆ.

ಕೊಳ್ಳುವವರು ಮೊದಲು ನೋಡುವುದು ವೇಗವನ್ನು. ಅದು ಮುಖ್ಯ, ಇಲ್ಲ ಅನ್ನಲ್ಲ. ಆದರೆ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುವ ಅಂಕಿ ಸಾಮಾನ್ಯವಾಗಿ 1,518 ಬೈಟಿನ ದೊಡ್ಡ ಪ್ಯಾಕೆಟ್‌ಗಳಲ್ಲಿ (ಡೇಟಾದ ತುಣುಕುಗಳಲ್ಲಿ) ಅಳೆದದ್ದು. 64 ಬೈಟಿನ ಪುಟ್ಟ ಪ್ಯಾಕೆಟ್‌ಗಳು ಬಂದಾಗ, ಜೊತೆಗೆ ಫೈರ್‌ವಾಲ್ ನಿಯಮಗಳೂ (ಯಾವುದನ್ನು ಒಳಬಿಡಬೇಕು, ಯಾವುದನ್ನು ತಡೆಯಬೇಕು ಅನ್ನುವುದು) ಇದ್ದಾಗ ಅದು ತುಂಬಾ ಇಳಿಯುತ್ತದೆ. ಆ ಇಳಿದ ಅಂಕಿಯ ಸಾಲನ್ನೂ ಹುಡುಕಿ ನೋಡಿ. ಇನ್ನು ನನ್ನ ಅನುಭವದಲ್ಲಿ ಇಷ್ಟು ಕಾಲ ನೆಮ್ಮದಿ ಕೊಟ್ಟಿದ್ದು ಬೇರೆಯೇ ಸಂಗತಿಗಳು. ಗಾಳಿ ಸರಿಯಾಗಿ ಹರಿಯಿತು. ಅರ್ಥಿಂಗ್ ಗಟ್ಟಿಯಾಗಿತ್ತು. ಕನ್ಸೋಲ್ ಪೋರ್ಟ್ (ಕೇಬಲ್ ಹಾಕಿ ನೇರವಾಗಿ ಸೆಟ್ಟಿಂಗ್‌ಗೆ ಹೋಗುವ ಪೋರ್ಟ್) ಬೇಕೆಂದಾಗ ಕೈಗೆ ಸಿಕ್ಕಿತು. ಇವೆಲ್ಲ ಪೆಟ್ಟಿಗೆ ರಾಕಿಗೆ ಏರುವ ದಿನವೇ ತೀರ್ಮಾನವಾಗಿಬಿಡುತ್ತವೆ.

ರಾಕಿನ ಅಳತೆಯಿಂದಲೇ ಶುರು ಮಾಡುತ್ತೇನೆ. ಮುಂದಿನ ಫಲಕ 19 ಇಂಚು, ಅಂದರೆ 482.6 ಮಿ.ಮೀ. ಅಗಲ. 1ಯು ಅಂದರೆ 44.45 ಮಿ.ಮೀ. ಎತ್ತರ. ಒಂದು ಯುನಲ್ಲಿ ಮೂರು ತೂತು. ಆದರೆ ತೂತುಗಳ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ: 15.875, ಮತ್ತೆ 15.875, ಆಮೇಲೆ 12.7 ಮಿ.ಮೀ. ಒಂದು ಯು ಮುಗಿದು ಇನ್ನೊಂದು ಶುರುವಾಗುವುದು ಆ ಕಿರಿದಾದ 12.7ರ ಮಧ್ಯದಲ್ಲಿ. ಇದನ್ನು ನೋಡದೆ ಯಾವುದೋ ತೂತಿಗೆ ಕೇಜ್ ನಟ್ (ಚೌಕ ತೂತಿಗೆ ಸಿಕ್ಕಿಸುವ ನಟ್) ಹಾಕಿದರೆ ರೂಟರ್ ಎರಡು ಯುಗಳ ನಡುವೆ ಕೂರುತ್ತದೆ. ಆಮೇಲೆ ಅದರ ಮೇಲೆ ಬರಬೇಕಾದ ಸ್ವಿಚ್‌ಗೆ ಜಾಗ ಸಾಲುವುದಿಲ್ಲ. ಕಂಬದ ಮೇಲೆ ಯು ಸಂಖ್ಯೆ ಅಚ್ಚಾಗಿಲ್ಲದಿದ್ದರೆ ಮೊದಲೇ ಎಡ, ಬಲ ಎರಡೂ ಕಡೆ ಪೆನ್ಸಿಲ್ ಗುರುತು ಹಾಕಿಕೊಳ್ಳಿ.

ಜೊತೆಗೆ ಬಂದ ಇಯರ್ ಬ್ರಾಕೆಟ್ (ರಾಕಿಗೆ ಬಿಗಿಯಲು ಪೆಟ್ಟಿಗೆಯ ಎರಡೂ ಬದಿಗೆ ಹಾಕುವ ಕಿವಿಗಳು) ಬಗ್ಗೆ ನನಗೆ ಅಸಮಾಧಾನ ಇದೆ. ಅವು ಮುಂದಿನ ಎರಡು ಕಂಬಗಳಿಗೆ ಮಾತ್ರ ಹಿಡಿಯುತ್ತವೆ. ಪೆಟ್ಟಿಗೆ ಉದ್ದವಾಗಿದೆ, ಭಾರವೆಲ್ಲ ಹಿಂದಿರುವ ಪವರ್ ಸಪ್ಲೈಗಳ ಕಡೆ. ಹಿಂಭಾಗವನ್ನು ಹಾಗೇ ನೇತಾಡಲು ಬಿಟ್ಟರೆ ಬ್ರಾಕೆಟ್ ನಿಧಾನವಾಗಿ ಬಾಗುತ್ತದೆ. ನಾಲ್ಕು ಕಂಬದ ರಾಕ್ ಇದ್ದರೆ ಕೆಳಗೆ ಒಂದು ಶೆಲ್ಫ್ ಅಥವಾ ಸಪೋರ್ಟ್ ರೈಲ್ ಹಾಕಿಯೇ ಕೂರಿಸಿ. ನಾವು ಹಾಗೇ ಮಾಡಿದ್ದೇವೆ, ಇವತ್ತಿಗೂ ನೆಟ್ಟಗೆ ಕೂತಿದೆ. ಬ್ರಾಕೆಟನ್ನು ಪೆಟ್ಟಿಗೆಗೆ ಬಿಗಿಯಲು ಕಂಪನಿ ಕೊಟ್ಟ ಗಿಡ್ಡ ಸ್ಕ್ರೂಗಳನ್ನೇ ಬಳಸಿ. ಉದ್ದದ ಸ್ಕ್ರೂ ಒಳಗಿನ ಬೋರ್ಡನ್ನೋ ಪವರ್ ಸಪ್ಲೈಯನ್ನೋ ಮುಟ್ಟಬಹುದು. ರಾಕಿನ ಕಡೆಯ ಸ್ಕ್ರೂ ಬೇರೆ. ಚೌಕ ತೂತಿನ ರಾಕಿಗೆ ಸಾಮಾನ್ಯವಾಗಿ ಎಂ6 ಕೇಜ್ ನಟ್ ಸಾಕು. ಥ್ರೆಡ್ ಹಾಕಿದ ರಾಕ್‌ಗಳಲ್ಲಿ 10-32, 12-24 ಅನ್ನುವ ಇಂಚಿನ ಸ್ಕ್ರೂ ಅಳತೆಗಳೂ ಇರುತ್ತವೆ. ಹೊಂದದ ಸ್ಕ್ರೂವನ್ನು ಬಲವಂತವಾಗಿ ತಿರುಗಿಸಿದರೆ ಥ್ರೆಡ್ ಹಾಳು, ಅಷ್ಟೇ.

ಏರಿಸುವಾಗ ಇಬ್ಬರು ಇರಲೇಬೇಕು. ಒಬ್ಬರು ಹಿಡಿದುಕೊಳ್ಳಲಿ, ಇನ್ನೊಬ್ಬರು ಬಿಗಿಯಲಿ. ಎರಡೂ ಬದಿಯ ಕೆಳಗಿನ ಸ್ಕ್ರೂ ಮೊದಲು. ಪವರ್ ಸಪ್ಲೈಗೆ ಇರುವ ಹಿಡಿಕೆಯಿಂದ ಪೆಟ್ಟಿಗೆಯನ್ನು ಎತ್ತಬೇಡಿ, ಆ ಹಿಡಿಕೆ ಇರುವುದು ಸಪ್ಲೈಯನ್ನು ಹೊರಗೆಳೆಯಲು ಮಾತ್ರ. ಹೊಸ ರಾಕ್ ಆದರೆ ಭಾರದ ಯುಪಿಎಸ್ ಎಲ್ಲಕ್ಕಿಂತ ಮೊದಲು ತಳಕ್ಕೆ ಹೋಗಲಿ. ಮೇಲೆ ಭಾರ ತುಂಬಿ ಕೆಳಗೆ ಖಾಲಿ ಬಿಟ್ಟರೆ ಇಡೀ ರಾಕೇ ಮುಂದಕ್ಕೆ ಬೀಳಬಹುದು.

ಈಗ ಗಾಳಿ. ಈ ಮಾಡೆಲ್ ಪಕ್ಕದಿಂದ ಗಾಳಿ ಎಳೆದು ಹಿಂದಕ್ಕೆ ಬಿಡುತ್ತದೆ. ಸರ್ವರ್‌ಗಳು ಸಾಮಾನ್ಯವಾಗಿ ಮುಂದಿನಿಂದ ಎಳೆದು ಹಿಂದಕ್ಕೆ ಬಿಡುತ್ತವೆ. ಕೆಲವು ಸ್ವಿಚ್‌ಗಳಲ್ಲಿ ಇದು ಉಲ್ಟಾ. ಇವೆಲ್ಲ ಒಂದೇ ರಾಕಿನಲ್ಲಿ ಸೇರಿದರೆ ಒಂದು ಬಿಟ್ಟ ಬಿಸಿ ಗಾಳಿಯನ್ನೇ ಇನ್ನೊಂದು ಎಳೆದುಕೊಳ್ಳುತ್ತದೆ. ಹಾಗಾಗಿ ಕೊಳ್ಳುವ ಮುಂಚೆ ಗಾಳಿಯ ದಿಕ್ಕು ಯಾವ ಕಡೆ ಅಂತ ನೋಡಿ. ಬಾಣದ ಗುರುತಿನ ಚಿತ್ರ ಕೈಪಿಡಿಯಲ್ಲಿ ಇದ್ದೇ ಇರುತ್ತದೆ. ಪಕ್ಕದಿಂದ ಎಳೆಯುವ ಪೆಟ್ಟಿಗೆಗೆ ಪಕ್ಕದಲ್ಲಿ ಜಾಗ ಬೇಕು. ಅಲ್ಲೇ ದಪ್ಪ ಕೇಬಲ್ ಕಟ್ಟನ್ನು ಇಳಿಸಿದರೆ ಮೂಗು ಮುಚ್ಚಿದ ಹಾಗೆ.

ಈ ರೂಟರ್‌ಗೆ ಕೈಪಿಡಿ ಹೇಳುವ ಮಿತಿ 0ಯಿಂದ 40 ಡಿಗ್ರಿ ಸೆಲ್ಸಿಯಸ್. ಅದು ರೂಮಿನ ಗೋಡೆಯ ಮೇಲಿನ ಎಸಿ ತೋರಿಸುವ ಅಂಕಿ ಅಲ್ಲ. ರೂಟರ್ ಎಳೆದುಕೊಳ್ಳುವ ಗಾಳಿಯ ಬಿಸಿ. ಗಾಜಿನ ಬಾಗಿಲು ಮುಚ್ಚಿದ ರಾಕಿನೊಳಗೆ ಅದು ರೂಮಿಗಿಂತ ಎಷ್ಟೋ ಜಾಸ್ತಿ ಇರುತ್ತದೆ. ನಮ್ಮಲ್ಲಿ ಗಾಜಿನ ಬಾಗಿಲು ತೆಗೆದು ಜಾಲರಿ ಬಾಗಿಲು ಹಾಕಿದ ಮೇಲೆ ರೂಟರ್ ಒಳಗಿನ ಸೆನ್ಸರ್ ಅಂಕಿ ಕಣ್ಣಿಗೆ ಕಾಣುವಷ್ಟು ಇಳಿಯಿತು. ಖಾಲಿ ಯುಗಳಿಗೆ ಬ್ಲಾಂಕಿಂಗ್ ಪ್ಲೇಟ್ (ಸಂದು ಮುಚ್ಚುವ ಫಲಕ) ಹಾಕಿದ್ದೂ ಉಪಯೋಗವಾಯಿತು. ಹಿಂದಿನ ಬಿಸಿ ಗಾಳಿ ಆ ಸಂದುಗಳಿಂದ ಮುಂದಕ್ಕೆ ತಿರುಗಿ ಬರುವುದು ನಿಂತಿತು. ಇದಕ್ಕೆ ಇಷ್ಟು ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂತೀರಾ? ಪವರ್ ಸಪ್ಲೈ ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಆಯಸ್ಸು 10 ಡಿಗ್ರಿ ತಂಪಾದರೆ ಸುಮಾರು ಎರಡರಷ್ಟಾಗುತ್ತದೆ. ಎಲೆಕ್ಟ್ರಾನಿಕ್ಸ್ ಕೆಲಸ ಮಾಡುವವರು ಬಹಳ ಕಾಲದಿಂದ ನಂಬಿಕೊಂಡು ಬಂದಿರುವ ಲೆಕ್ಕ ಇದು.

ತಾಮ್ರದ ಕೇಬಲ್ ಹಾಕುವ 10 ಗಿಗಾಬಿಟ್ ಎಸ್‌ಎಫ್‌ಪಿ ಪ್ಲಸ್ ಮಾಡ್ಯೂಲ್‌ಗಳಿಂದ ಆದಷ್ಟು ದೂರ ಇರಿ. ಒಂದೊಂದೂ ಸುಮಾರು 2.5 ವ್ಯಾಟ್ ತಿನ್ನುತ್ತದೆ, ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಹಾಕಲೇಬೇಕಾದರೆ ನಡುವೆ ಒಂದು ಪೋರ್ಟ್ ಖಾಲಿ ಬಿಡಿ. ಅದೇ ರಾಕಿನೊಳಗೆ ಡಿಎಸಿ ಕೇಬಲ್ (ಎರಡೂ ತುದಿಗೆ ಮಾಡ್ಯೂಲ್ ಸೇರಿಸಿಯೇ ಬರುವ ಗಿಡ್ಡ ಕೇಬಲ್) ಸಾಕು, ದೂರಕ್ಕೆ ಫೈಬರ್. ಫೈಬರ್ ತುದಿಯನ್ನಾಗಲಿ ಖಾಲಿ ಪೋರ್ಟನ್ನಾಗಲಿ ಕಣ್ಣಿಗೆ ನೇರ ಹಿಡಿದು ನೋಡಬೇಡಿ. ಫೈಬರ್‌ನಲ್ಲಿ ಬರುವ 1310 ನ್ಯಾನೋಮೀಟರ್ ಲೇಸರ್ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ. ಬಳಸದ ಪೋರ್ಟಿಗೆ ಧೂಳಿನ ಮುಚ್ಚಳ ಹಾಕಿಡಿ.

ಫ್ಯಾನ್‌ಗಳ ಬಗ್ಗೆ ಈ ಮಾಡೆಲ್‌ಗೆ ಪೂರ್ತಿ ಅಂಕ. ಒಂದು ಫ್ಯಾನಿನ ಬೇರಿಂಗ್ ಸವೆದು ಕಿರುಗುಟ್ಟಲು ಶುರುವಾಗಿತ್ತು. ಸದ್ದು ಕೇಳುವ ಮುಂಚೆಯೇ ಎಸ್‌ಎನ್‌ಎಂಪಿ (ಉಪಕರಣದ ಸ್ಥಿತಿಯನ್ನು ದೂರದಿಂದ ಓದುವ ವಿಧಾನ) ಗ್ರಾಫಿನಲ್ಲಿ ಅದರ ವೇಗ ಕುಸಿಯುತ್ತಿದ್ದದ್ದು ಕಂಡಿತ್ತು. ಹಿಂದಿನಿಂದ ಟ್ರೇ ಎಳೆದು, ರೂಟರ್ ಆರಿಸದೆಯೇ ಬದಲಿಸಿದೆವು. ಫ್ಯಾನನ್ನು ಹೀಗೆ ಹೊರಗಿನಿಂದ ಬದಲಿಸಲು ಬಾರದ ರಾಕ್ ರೂಟರನ್ನು ನಾನಂತೂ ಯಾರಿಗೂ ಹೇಳುವುದಿಲ್ಲ.

ಅರ್ಥಿಂಗ್ ವಿಷಯದಲ್ಲಿ ಜನ ಸಾಮಾನ್ಯವಾಗಿ ಹೇಳುವ ಮಾತು: ಪವರ್ ಕಾರ್ಡಿನಲ್ಲೇ ಮೂರನೇ ಪಿನ್ ಇದೆಯಲ್ಲ, ಮತ್ಯಾಕೆ? ಹಿಂಭಾಗದಲ್ಲಿ ಬೇರೆ ಅರ್ಥಿಂಗ್ ಸ್ಕ್ರೂ ಕೊಟ್ಟಿರುವುದು ಸುಮ್ನೆ ಅಲ್ಲ. ಕಾರ್ಡ್ ಕಿತ್ತರೂ ಪೆಟ್ಟಿಗೆಯ ಮೈ ನೆಲಕ್ಕೆ ಸೇರಿಕೊಂಡೇ ಇರಬೇಕು. ಅದಕ್ಕೆ ಹಸಿರು-ಹಳದಿ ತಂತಿಗೆ ರಿಂಗ್ ಲಗ್ (ಸ್ಕ್ರೂ ಹಾಯುವ ಲೋಹದ ಉಂಗುರ) ಸರಿಯಾಗಿ ಒತ್ತಿ ಕ್ರಿಂಪ್ ಮಾಡಿ, ನಕ್ಷತ್ರದಂಥ ಹಲ್ಲಿನ ವಾಷರ್ ಹಾಕಿ ಬಿಗಿಯಿರಿ. ರಾಕಿನ ಕಡೆ ಬಣ್ಣ ಇದ್ದರೆ ಅಲ್ಲಿ ಕೆರೆದು ಲೋಹ ಕಾಣಿಸಬೇಕು, ಬಣ್ಣದ ಮೇಲೆ ಬಿಗಿದ ಲಗ್ ಹೆಸರಿಗೆ ಮಾತ್ರ. ಆಮೇಲೆ ಮಲ್ಟಿಮೀಟರ್ ಹಿಡಿದು ರೂಟರ್ ಮೈಯಿಂದ ಅರ್ಥ್ ಬಾರ್‌ವರೆಗೆ (ಅರ್ಥ್ ತಂತಿಗಳೆಲ್ಲ ಸೇರುವ ಲೋಹದ ಪಟ್ಟಿ) ಅಳೆದು ನೋಡಿ. ಒಂದು ಓಮ್‌ಗಿಂತ ಬಹಳ ಕಡಿಮೆ ತೋರಿಸಬೇಕು. ಈ ತಂತಿಯನ್ನು ಎಲ್ಲಕ್ಕಿಂತ ಮೊದಲು ಹಾಕುವುದು, ಎಲ್ಲಕ್ಕಿಂತ ಕೊನೆಗೆ ತೆಗೆಯುವುದು. ಕಟ್ಟಡದ ಮುಖ್ಯ ಅರ್ಥಿಂಗೇ ಸರಿ ಇದೆಯಾ ಅನ್ನುವುದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ನೋಡಲಿ. ಅದು ನೆಟ್‌ವರ್ಕ್ ಕೆಲಸದವರ ಪಾಲಿನದ್ದಲ್ಲ.

ಇದಕ್ಕೆ ಅಂಟಿಕೊಂಡ ಇನ್ನೊಂದು ಮಾತು. ಪಕ್ಕದ ಕಟ್ಟಡಕ್ಕೆ ಅಥವಾ ಛಾವಣಿಯ ಮೇಲಿನ ಆಂಟೆನಾಗೆ ಹೋಗುವ ತಾಮ್ರದ ಕೇಬಲ್ ಸಿಡಿಲಿನ ಆಘಾತವನ್ನು ನೇರ ರೂಟರ್ ಒಳಗೆ ತರಬಲ್ಲದು. ಎರಡು ಕಟ್ಟಡಗಳ ನಡುವೆ ಫೈಬರ್ ಹಾಕಿದರೆ ಆ ಚಿಂತೆಯೇ ಇಲ್ಲ. ಛಾವಣಿಯ ಕೇಬಲ್‌ಗೆ ಸರ್ಜ್ ಪ್ರೊಟೆಕ್ಟರ್ (ಆಘಾತವನ್ನು ನೆಲಕ್ಕೆ ಹರಿಸುವ ಸಾಧನ) ಬೇಕು. ಅರ್ಥಿಂಗ್ ಇಲ್ಲದ ಸರ್ಜ್ ಪ್ರೊಟೆಕ್ಟರ್‌ನಿಂದ ಏನೂ ಉಪಯೋಗವಿಲ್ಲ.

ಎರಡು ಪವರ್ ಸಪ್ಲೈ ಇರುವುದರ ಲಾಭ ಸಿಗಬೇಕಾದರೆ ಎರಡೂ ಬೇರೆ ಬೇರೆ ಲೈನಿಗೆ ಹೋಗಬೇಕು. ನಮ್ಮಲ್ಲಿ ಒಂದು ಯುಪಿಎಸ್‌ಗೆ, ಇನ್ನೊಂದು ಬೇರೆ ಎಂಸಿಬಿಯ ಲೈನಿಗೆ. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಚುಚ್ಚಿದರೆ ಎರಡು ಕೊಂಡಿದ್ದೇ ದಂಡ, ಅಲ್ವಾ? ಪೂರ್ತಿ ಲೋಡ್ ಬಂದ ಮೇಲೆ ಒಂದೊಂದೇ ಕಾರ್ಡ್ ಕಿತ್ತು ನೋಡಿ. ಉಳಿದ ಒಂದರ ಮೇಲೆ ರೂಟರ್ ನಿಲ್ಲಬೇಕು, ಎಚ್ಚರಿಕೆಯ ಸಂದೇಶವೂ ಬರಬೇಕು. ಸಿ13 ಪ್ಲಗ್ (ಕಾರ್ಡಿನ ರೂಟರ್ ಕಡೆಯ ತುದಿ) ತಾನಾಗೇ ಸಡಿಲಾಗಬಹುದು, ಹಿಡಿದಿಡುವ ಕ್ಲಿಪ್ ಹಾಕಿ. ಒಳಗೆ ಕೈ ಹಾಕುವ ಸಂದರ್ಭ ಬಂದರೆ ಎರಡೂ ಕಾರ್ಡ್ ತೆಗೆದಿರಬೇಕು. ಒಂದನ್ನು ತೆಗೆದು ಕರೆಂಟ್ ಹೋಯಿತು ಅಂದುಕೊಳ್ಳುವುದು ಜೀವಕ್ಕೇ ಅಪಾಯ. ಮಾಡ್ಯೂಲ್ ಮುಟ್ಟುವಾಗ ಇಎಸ್‌ಡಿ ರಿಸ್ಟ್ ಸ್ಟ್ರಾಪ್ (ಮೈಯ ಸ್ಥಿರ ವಿದ್ಯುತ್ತನ್ನು ಅರ್ಥ್‌ಗೆ ಹರಿಸುವ ಮಣಿಕಟ್ಟಿನ ಪಟ್ಟಿ) ಇರಲಿ. ಅದರಲ್ಲಿ ಸುಮಾರು 1 ಮೆಗಾಓಮ್ ರೆಸಿಸ್ಟರ್ ಇರುತ್ತದೆ, ನಿಮ್ಮ ರಕ್ಷಣೆಗಾಗಿ. ಹಾಗಾಗಿ ಬರೀ ತಂತಿ ಸುತ್ತಿಕೊಂಡು ಕೆಲಸ ಮಾಡಬೇಡಿ.

ಕೇಬಲ್ ಕಟ್ಟಲು ವೆಲ್ಕ್ರೋ ಪಟ್ಟಿ. ಎರಡೂ ತುದಿಗೆ ಲೇಬಲ್. ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ.

ಸೆಟಪ್ ಮಾಡುವಾಗ ಇಂಟರ್ನೆಟ್ ಕೇಬಲ್ ಕೊನೆಗೆ. ಮೊದಲು ಕನ್ಸೋಲ್ ಕೇಬಲ್ ಹಾಕಿ. ವೇಗ ಸಾಮಾನ್ಯವಾಗಿ ಸೆಕೆಂಡಿಗೆ 9600 ಅಥವಾ 115200 ಬಿಟ್, ಮಿಕ್ಕಿದ್ದು 8 ಡೇಟಾ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಹೊಸ ಸಾಫ್ಟ್‌ವೇರ್ ಹಾಕಿ, ಕಂಪನಿ ಕೊಟ್ಟ ಯೂಸರ್ ತೆಗೆದು ನಿಮ್ಮದೇ ಹೆಸರು, ಪಾಸ್‌ವರ್ಡ್ ಮಾಡಿ. 2016ರಲ್ಲಿ ಮಿರಾಯ್ ಅನ್ನುವ ಮಾಲ್ವೇರ್ ಕ್ಯಾಮೆರಾ, ರೂಟರ್‌ಗಳಿಗೆ ನುಗ್ಗಿದ್ದು ಯಾವ ದೊಡ್ಡ ವಿದ್ಯೆಯಿಂದಲೂ ಅಲ್ಲ. ಫ್ಯಾಕ್ಟರಿಯ ಯೂಸರ್-ಪಾಸ್‌ವರ್ಡ್ ಜೋಡಿಗಳ ಒಂದು ಸಣ್ಣ ಪಟ್ಟಿ ಅದರ ಬಳಿ ಇತ್ತು, ಅಷ್ಟೇ. ಪಾಸ್‌ವರ್ಡ್ ಬಯಲಾಗಿ ಹೋಗುವ ಟೆಲ್ನೆಟ್ ಮುಚ್ಚಿ, ಗುಪ್ತವಾಗಿ ಕಳಿಸುವ ಎಸ್‌ಎಸ್‌ಎಚ್ ಮಾತ್ರ ಇಡಿ. ಅದೂ ಒಳಗಿನ ಮ್ಯಾನೇಜ್‌ಮೆಂಟ್ ವಿಎಲ್ಎಎನ್‌ನಿಂದ (ನಿರ್ವಹಣೆಗೆಂದೇ ಬೇರ್ಪಡಿಸಿದ ನೆಟ್‌ವರ್ಕ್‌ನಿಂದ) ಮಾತ್ರ.

ಫೈರ್‌ವಾಲ್‌ನಲ್ಲಿ ಎರಡು ಕಡೆ ಕಣ್ಣು ತಪ್ಪುತ್ತದೆ. ಒಂದು, ಐಪಿವಿ4ಗೆ (ಇಂಟರ್ನೆಟ್ ವಿಳಾಸದ ಹಳೆಯ ಪದ್ಧತಿಗೆ) ನಿಯಮ ಬರೆದು ಹೊಸದಾದ ಐಪಿವಿ6 ಅನ್ನು ಹಾಗೇ ಬಿಡುವುದು. ಎರಡಕ್ಕೂ ಬೇರೆ ಬೇರೆ ನಿಯಮಗಳ ಪಟ್ಟಿ ಇರುವ ರೂಟರ್‌ಗಳೇ ಹೆಚ್ಚು. ಇನ್ನೊಂದು, ರೂಟರ್ ಒಳಗಿನ ಡಿಎನ್‌ಎಸ್ ಸೇವೆ (ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡುವುದು) ಹೊರಗಿನವರಿಗೂ ಉತ್ತರ ಕೊಡುತ್ತಿರುವುದು. ಅಂಥ ರೂಟರನ್ನು ಬೇರೆಯವರ ಮೇಲೆ ದಾಳಿ ಮಾಡಲು ಬಳಸುತ್ತಾರೆ. ನಿಮಗೆ ಕಾಣುವುದು ಲೈನ್ ನಿಧಾನವಾಗಿದ್ದು ಮಾತ್ರ.

ದೂರದಿಂದ ಫೈರ್‌ವಾಲ್ ಬದಲಿಸುವಾಗ ನಮ್ಮನ್ನೇ ನಾವು ಹೊರಗಿಟ್ಟುಕೊಳ್ಳುವ ಭಯ ಯಾವತ್ತೂ ಇರುತ್ತದೆ. ಇದಕ್ಕೆ ಒಳ್ಳೆಯ ರೂಟರ್‌ಗಳಲ್ಲಿ ದಾರಿ ಇದೆ. ಜೂನಿಪರ್ ಕಂಪನಿಯ ರೂಟರ್‌ನಲ್ಲಿ 'ಕಮಿಟ್ ಕನ್ಫರ್ಮ್ಡ್' ಕೊಟ್ಟರೆ 10 ನಿಮಿಷದೊಳಗೆ ಮತ್ತೆ ಒಪ್ಪಿಗೆ ಕೊಡದಿದ್ದರೆ ಹಳೆಯ ಸೆಟ್ಟಿಂಗ್ ತಾನೇ ವಾಪಸ್ ಬರುತ್ತದೆ. ಮೈಕ್ರೋಟಿಕ್‌ನ ಸೇಫ್ ಮೋಡ್‌ನಲ್ಲಿ ಸಂಪರ್ಕ ಕಡಿದರೆ ಅಲ್ಲಿಯವರೆಗಿನ ಬದಲಾವಣೆ ರದ್ದು. ಸಿಸ್ಕೋ ರೂಟರ್‌ಗಳ ಐಓಎಸ್‌ನಲ್ಲಿ 'ರೀಲೋಡ್ ಇನ್ 10' (10 ನಿಮಿಷದಲ್ಲಿ ರೀಸ್ಟಾರ್ಟ್ ಆಗು) ಕೊಟ್ಟು, ಸೇವ್ ಮಾಡದೆ ಕೆಲಸ ಮಾಡುತ್ತಾರೆ. ಎಲ್ಲ ಸರಿಯಾದರೆ ರೀಲೋಡ್ ರದ್ದು ಮಾಡಿ ಸೇವ್. ನಮ್ಮ ಪೆಟ್ಟಿಗೆಯಲ್ಲೂ ಇಂಥದ್ದೊಂದು ಸೌಲಭ್ಯ ಇದೆ. ನಾನು ಅದಿಲ್ಲದೆ ಒಂದು ಸಾಲನ್ನೂ ಬದಲಿಸುವುದಿಲ್ಲ. ಕೊಳ್ಳುವಾಗ ವೇಗಕ್ಕಿಂತ ಮುಂಚೆ ಇದನ್ನು ಕೇಳಿ.

ಎನ್‌ಟಿಪಿ (ನೆಟ್‌ವರ್ಕ್‌ನಿಂದ ಸಮಯ ಪಡೆಯುವ ವ್ಯವಸ್ಥೆ) ಹಾಕಿ ಗಡಿಯಾರ ಸರಿ ಇಡಿ, ಲಾಗ್‌ಗಳನ್ನು (ರೂಟರ್ ಬರೆದಿಡುವ ಘಟನೆಗಳ ದಾಖಲೆ) ಹೊರಗಿನ ಸಿಸ್‌ಲಾಗ್ ಸರ್ವರ್‌ಗೆ ಕಳಿಸಿ. ಒಳಗಿನ ಫ್ಲ್ಯಾಶ್ ಮೆಮೊರಿಗೆ ಸದಾ ಬರೆಯುತ್ತಿದ್ದರೆ ಅದು ಸವೆಯುತ್ತದೆ. ರೂಟರ್ ಕೆಟ್ಟ ದಿನ ಒಳಗಿನ ಲಾಗ್ ಕೈಗೆ ಸಿಗುವುದೂ ಇಲ್ಲ. ಸೆಟ್ಟಿಂಗ್ ಬ್ಯಾಕಪ್ ಬೇರೆ ಕಡೆ ಇರಲಿ, ಒಮ್ಮೆ ಅದನ್ನು ವಾಪಸ್ ಹಾಕಿಯೂ ನೋಡಿರಿ.

ಇಷ್ಟು ಕಾಲದ ಮೇಲೂ ಉಳಿದಿರುವ ದೂರು ಎರಡು. ವೆಬ್ ಪುಟ ತೀರಾ ನಿಧಾನ, ನಾನು ಕಮಾಂಡ್ ಲೈನೇ ಬಳಸುತ್ತೇನೆ. ಆ ಇಯರ್ ಬ್ರಾಕೆಟ್ ಬಗ್ಗೆ ಆಗಲೇ ಹೇಳಿದೆ. ಪುಟ್ಟ ಆಫೀಸಿಗೆ, ಜನ ಕೂರುವ ಕೋಣೆಯಲ್ಲೇ ಇಡುವವರಿಗೆ ಇದು ಬೇಡ. ಫ್ಯಾನ್ ಸದ್ದು ತಲೆ ನೋಯಿಸುತ್ತದೆ, ಅಂಥವರು ಫ್ಯಾನಿಲ್ಲದ ಮಾಡೆಲ್ ನೋಡಲಿ. ಬಾಗಿಲು ಮುಚ್ಚುವ ಬೇರೆ ರೂಮು, ಸರಿಯಾದ ಅರ್ಥಿಂಗ್, ಎರಡು ಲೈನು ಇರುವವರು ತೆಗೆದುಕೊಳ್ಳಬಹುದು. ಆರ್ಡರ್ ಮಾಡುವ ಮುಂಚೆ ಈ ಮಾಡೆಲ್‌ಗೆ ಭದ್ರತಾ ಅಪ್‌ಡೇಟ್ ಯಾವ ವರ್ಷದವರೆಗೆ ಸಿಗುತ್ತದೆ, ಬದಲಿ ಫ್ಯಾನ್ ಟ್ರೇ ಮತ್ತು ಪವರ್ ಸಪ್ಲೈ ಬಿಡಿಯಾಗಿ ಸಿಗುತ್ತವಾ ಅಂತ ಮಾರುವವರಿಂದ ಬರಹದಲ್ಲೇ ತೆಗೆದುಕೊಳ್ಳಿ.