ವಿಡಿಯೋ ಕಾಲ್ ಮದುವೆ ತೋರಿಸಿ ಕೆನಡಾಗೆ ಕಳಿಸ್ತೀವಿ ಅನ್ನೋರನ್ನು ನಂಬಬೇಡಿ

ನಾನು ಬೆಂಗಳೂರಿನಲ್ಲಿದ್ದೇನೆ. ನನ್ನ ಹುಡುಗಿ ಟೊರೊಂಟೊ ಪಕ್ಕದ ಮಿಸ್ಸಿಸಾಗಾದಲ್ಲಿ. 2021ರಿಂದ ಅವಳಿಗೆ ಪಿಆರ್, ಅಂದರೆ ಅಲ್ಲಿ ಕಾಯಂ ಇರುವ ಅನುಮತಿ ಇದೆ. ನಾವು ಜೊತೆಯಾಗಿದ್ದು 2018ರಲ್ಲಿ, ಸಲಿಂಗ ಸಂಬಂಧ ಅಪರಾಧವಲ್ಲ ಅನ್ನೋ ಸೆಕ್ಷನ್ 377ರ ತೀರ್ಪು ಬಂದ ವರ್ಷ. ಅವಳ ಹತ್ತಿರ ಹೋಗುವ ಆತುರದಲ್ಲಿ ಒಬ್ಬ ಏಜೆಂಟ್‌ನ ಮಾತು ಕೇಳಿ 1 ಲಕ್ಷ 60 ಸಾವಿರ ರೂಪಾಯಿ ಕಳೆದುಕೊಂಡೆ. ಜೊತೆಗೆ ಒಂದೂವರೆ ವರ್ಷ.

2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ನಮ್ಮಂಥವರ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಇಲ್ಲಿ ರಿಜಿಸ್ಟರ್ ಮದುವೆ ಆಗಲ್ಲ ಅಂತ ಖಾತ್ರಿಯಾಯಿತು. ಅದಾದ ಮೇಲೆ ಈ ಏಜೆಂಟ್ ಸಿಕ್ಕಿದ. "ಮೇಡಂ, ಅಮೆರಿಕದ ಯೂಟಾದಲ್ಲಿ ವಿಡಿಯೋ ಕಾಲ್‌ನಲ್ಲೇ ಮದುವೆ ಆಗುತ್ತೆ. ಸರ್ಟಿಫಿಕೇಟ್ ಬಂದ್ರೆ ನೀವು ಸ್ಪೌಸ್. ಮಿಕ್ಕಿದ್ದು ನಮಗೆ ಬಿಡಿ" ಅಂದ.

ಅರ್ಧ ನಿಜ. ಯೂಟಾ ಕೌಂಟಿಯಲ್ಲಿ ಹಾಗೆ ಮದುವೆಯಾಗಬಹುದು, ಅಲ್ಲಿ ಅದು ಕಾನೂನಿನ ಮದುವೆಯೇ. 2024ರ ಜನವರಿಯಲ್ಲಿ ನಾವೂ ಆದೆವು. ಇಲ್ಲಿ ಬೆಳಗ್ಗೆ ಏಳೂವರೆ, ಅವಳಿಗೆ ಹಿಂದಿನ ದಿನದ ರಾತ್ರಿ ಒಂಬತ್ತು. ಅಮ್ಮನ ಮೈಸೂರು ರೇಷ್ಮೆ ಸೀರೆ ಉಟ್ಟು, ಎರಡು ಮೊಳ ಮಲ್ಲಿಗೆ ಮುಡಿದು ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಕೆಳಗಿನ ಮನೆಯ ಓನರ್ ಆಂಟಿಗೆ ಕೇಳಿಸಬಾರದು ಅಂತ ಇಯರ್‌ಫೋನ್ ಹಾಕಿಕೊಂಡೇ ಮದುವೆಯಾದೆ. ಆಮೇಲೆ ಸೀರೆ ಮಡಚಿಟ್ಟು ಆಫೀಸಿಗೆ ಹೋದೆ. ತಲೆಯಲ್ಲಿ ಹೂವು ಹಾಗೇ ಇತ್ತು.

ಏಜೆಂಟ್ ಹೇಳದೆ ಬಿಟ್ಟಿದ್ದು ಇದು: 2015ರ ಜೂನ್ 11ರಿಂದ ಕೆನಡಾದ ವಲಸೆ ನಿಯಮದಲ್ಲಿ, ಮದುವೆಯ ಹೊತ್ತಿಗೆ ಇಬ್ಬರೂ ಖುದ್ದಾಗಿ ಮದುವೆಯ ಜಾಗದಲ್ಲಿ ಇರದಿದ್ದರೆ ಆ ಮದುವೆ ಸ್ಪಾನ್ಸರ್‌ಗೆ, ಅಂದರೆ ಸಂಗಾತಿಯನ್ನು ಅಲ್ಲಿಗೆ ಕರೆಸಿಕೊಳ್ಳುವ ಅರ್ಜಿಗೆ, ನಡೆಯಲ್ಲ. ಫೋನ್, ವಿಡಿಯೋ, ಪರವಾಗಿ ಇನ್ನೊಬ್ಬರನ್ನು ನಿಲ್ಲಿಸುವುದು, ಯಾವುದೂ ಆಗಲ್ಲ. ಕೆನಡಾದ ಸೇನೆಯವರಿಗೆ ಒಂದು ವಿನಾಯಿತಿ ಇದೆ, ಅಷ್ಟೆ. ಗಂಡು ಹೆಣ್ಣಿನ ಜೋಡಿಗೂ ಇದೇ ನಿಯಮ. ಸಲಿಂಗ ಮದುವೆಗೆ 2005ರಿಂದಲೇ ಜಾಗ ಕೊಟ್ಟ ದೇಶ ಅದು. ಎಡವಿದ್ದು ನಾವಿಬ್ಬರೂ ಹೆಂಗಸರು ಅಂತ ಅಲ್ಲ, ನಡುವೆ ಲ್ಯಾಪ್‌ಟಾಪ್ ಇತ್ತು ಅಂತ.

ಇದಕ್ಕಿಂತ ಕೆಟ್ಟದ್ದು ಇನ್ನೊಂದು ನಡೆದಿತ್ತು. ಫೆಬ್ರವರಿಯಲ್ಲಿ ಅವನು ನನಗೆ ವಿಸಿಟರ್ ವೀಸಾಗೆ ಅರ್ಜಿ ಹಾಕಿದ. ಅದರಲ್ಲಿ ನಾನು 'ಸಿಂಗಲ್', ಅವಳು 'ಫ್ರೆಂಡ್'. ಅದು ರಿಜೆಕ್ಟ್ ಆಯಿತು. ಏಪ್ರಿಲ್‌ನಲ್ಲಿ ಸ್ಪಾನ್ಸರ್ ಅರ್ಜಿ ಹೋಯಿತು, ಅದರಲ್ಲಿ ಮದುವೆ ಜನವರಿಯದು. ಎರಡೂ ಒಂದೇ ಕಡೆ ಹೋಗುವ ಕಾಗದ, ಅವರು ನೋಡದೆ ಇರ್ತಾರಾ? 2025ರ ಫೆಬ್ರವರಿಯಲ್ಲಿ ಪತ್ರ ಬಂತು, ಯಾಕೆ ಸುಳ್ಳು ಹೇಳಿದಿರಿ ವಿವರಿಸಿ ಅಂತ. ಸುಳ್ಳು ಮಾಹಿತಿ ಅಂತ ತೀರ್ಮಾನವಾದರೆ ಐದು ವರ್ಷ ಆ ದೇಶಕ್ಕೆ ಕಾಲಿಡುವ ಹಾಗಿಲ್ಲ. ಆ ಫಾರ್ಮ್ ನಾನು ಕಣ್ಣಾರೆ ನೋಡಿಯೇ ಇರಲಿಲ್ಲ. ಅಕೌಂಟ್ ಅವನ ಇಮೇಲ್‌ನಲ್ಲಿತ್ತು, ಪಾಸ್‌ವರ್ಡ್ ಅವನ ಹತ್ತಿರವೇ. ಫೋನ್ ಮಾಡಿದರೆ "ಸಿಸ್ಟಮ್ ಡೌನ್ ಇದೆ ಮೇಡಂ" ಅಂತಿದ್ದ.

ಟೊರೊಂಟೊದ ಒಬ್ಬ ವಕೀಲರು ಉತ್ತರ ಬರೆದುಕೊಟ್ಟರು. ನಿಷೇಧ ಕೂದಲೆಳೆಯಲ್ಲಿ ತಪ್ಪಿತು. ಸ್ಪಾನ್ಸರ್ ಅರ್ಜಿ ಮಾತ್ರ ಜೂನ್‌ನಲ್ಲಿ ಬಿದ್ದುಹೋಯಿತು.

ಆ ವಕೀಲರು ಮೊದಲು ಕೇಳಿದ್ದೇ, ನಿಮ್ಮ ಏಜೆಂಟ್ 5476 ನಂಬರಿನ ಫಾರ್ಮ್‌ನಲ್ಲಿ ಸಹಿ ಹಾಕಿದ್ದಾನಾ ಅಂತ. ದುಡ್ಡು ತಗೊಂಡು ನಿಮ್ಮ ಪರವಾಗಿ ಅರ್ಜಿ ಹಾಕುವವನು ಅದರಲ್ಲಿ ತನ್ನ ಹೆಸರು, ಲೈಸೆನ್ಸ್ ನಂಬರ್ ಬರೆಯಬೇಕು. ನಮ್ಮವನು ಎಲ್ಲೂ ಇರಲಿಲ್ಲ. ಕಾಗದದ ಪ್ರಕಾರ ಎಲ್ಲ ನಾನೇ ತುಂಬಿದ್ದು, ಸುಳ್ಳೂ ನನ್ನದೇ. ಅಲ್ಲಿ ವಲಸೆ ಕನ್ಸಲ್ಟೆಂಟ್‌ಗಳಿಗೆ ಲೈಸೆನ್ಸ್ ಕೊಡುವ ಸಂಸ್ಥೆಗೆ 'ಕಾಲೇಜ್' ಅಂತಾರೆ, ಅದರ ವೆಬ್‌ಸೈಟಿನಲ್ಲಿ ಲೈಸೆನ್ಸ್ ಇರುವವರ ಪಟ್ಟಿಯೇ ಇದೆ. ಹೆಸರು ಹಾಕಿ ನೋಡಲು ಎರಡು ನಿಮಿಷ ಸಾಕು. ನಾನು ನೋಡಲಿಲ್ಲ.

ನಮಗೆ ಸರಿಯಾದ ದಾರಿ ಮೊದಲಿನಿಂದಲೂ ಇತ್ತು ಅನ್ನೋದೇ ಹೊಟ್ಟೆ ಉರಿಸುತ್ತೆ. ಅಲ್ಲಿ 'ಕಾಂಜುಗಲ್ ಪಾರ್ಟ್‌ನರ್' ಅಂತ ಒಂದು ವರ್ಗ ಇದೆ. ಕನಿಷ್ಠ ಒಂದು ವರ್ಷದ ಗಟ್ಟಿ ಸಂಬಂಧ ಇರಬೇಕು. ಮದುವೆಯಾಗಲು, ಒಟ್ಟಿಗಿರಲು ನಿಜವಾದ ಅಡ್ಡಿ ಇರಬೇಕು. ಊರಿನ ಕಾನೂನು, ಸಿಗದ ವೀಸಾ, ಇಂಥವು. ಇದು ಸಂಗಾತಿ ಪಿಆರ್ ಅಥವಾ ಪ್ರಜೆಯಾಗಿದ್ದರೆ ಮಾತ್ರ. ಅವರು ಓದಲು ಅಥವಾ ವರ್ಕ್ ಪರ್ಮಿಟ್ ಮೇಲೆ ಹೋಗಿದ್ದರೆ ನಡೆಯಲ್ಲ. 12 ತಿಂಗಳು ಬಿಡದೆ ಒಂದೇ ಮನೆಯಲ್ಲಿ ಜೋಡಿಯಾಗಿ ಇದ್ದವರು 'ಕಾಮನ್ ಲಾ', ಅಂದರೆ ಮದುವೆಯಾಗದಿದ್ದರೂ ಸಂಗಾತಿಗಳು ಅಂತ ಲೆಕ್ಕ. ನಾವು ಜೊತೆಗಿದ್ದದ್ದು ಏಳೇ ತಿಂಗಳು. ಹಾಗೆ ವರ್ಷ ಒಟ್ಟಿಗಿದ್ದವರಿಗೆ ಒಂದು ಮಾತು: ಮನೆಯಲ್ಲಿ ಗೊತ್ತಾಗುತ್ತೆ ಅನ್ನೋ ಭಯಕ್ಕೆ ಸಂಗಾತಿ ತನ್ನ ಪಿಆರ್ ಅರ್ಜಿಯಲ್ಲಿ 'ಸಿಂಗಲ್' ಅಂತ ಟಿಕ್ ಮಾಡಿದರೆ, ಮುಂದೆ ನಿಮ್ಮನ್ನು ಕರೆಸಿಕೊಳ್ಳುವ ದಾರಿಯೇ ಮುಚ್ಚಬಹುದು.

ಈಗ ಹೊಸ ಅರ್ಜಿಗೆ ಸಾಕ್ಷಿ ಕೂಡಿಸುತ್ತಿದ್ದೇವೆ. ಇಷ್ಟು ವರ್ಷ ಮುಚ್ಚಿಟ್ಟಿದ್ದಕ್ಕೆಲ್ಲ ಈಗ ಪುರಾವೆ ಬೇಕು. ಬಾಡಿಗೆ ಕರಾರಿನಲ್ಲಿ ಅವಳ ಹೆಸರಿಲ್ಲ. ಫೋಟೋಗಳಲ್ಲಿ ನಡುವೆ ಯಾವಾಗಲೂ ಮೂರನೆಯವರು. ಅವಳು ಬೆಂಗಳೂರಿಗೆ ಬಂದುಹೋದ ಟಿಕೆಟ್‌ಗಳು ಸಿಕ್ಕಿವೆ. ಬ್ಯಾಂಕ್ ಖಾತೆಗೆ ಅವಳನ್ನೇ ನಾಮಿನಿ ಮಾಡಿದ್ದೇನೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯವೇ ಇದಕ್ಕೆ ಅಡ್ಡಿಯಿಲ್ಲ ಅಂತ ಹೇಳಿದೆ. ಕೌಂಟರಿನಲ್ಲಿದ್ದವರು "ರಿಲೇಶನ್ ಏನು ಬರೀಲಿ?" ಅಂದರು. ಒಂದು ಕ್ಷಣ ನಾಲಿಗೆಗೆ 'ಫ್ರೆಂಡ್' ಅಂತಲೇ ಬಂತು.

ಕುಟುಂಬದವರ ಪತ್ರವೂ ಇದ್ದರೆ ಒಳ್ಳೆಯದು ಅಂದರು ವಕೀಲರು. ಅಕ್ಕನನ್ನು ಕೇಳಿದೆ. ನಾಲ್ಕು ದಿನ ಏನೂ ಹೇಳಲಿಲ್ಲ. ಐದನೇ ದಿನ ವಾಟ್ಸಾಪ್‌ನಲ್ಲಿ ಒಂದು ಹಾಳೆಯ ಫೋಟೋ ಬಂತು, ಅವಳದೇ ಕೈಬರಹ. 'ನನ್ನ ತಂಗಿಯ ಗೆಳತಿ' ಅಂತ ಬರೆದು, ಗೆಳತಿ ಅನ್ನೋದನ್ನು ಹೊಡೆದುಹಾಕಿ, ಮೇಲೆ 'ಸಂಗಾತಿ' ಅಂತ ಬರೆದಿದ್ದಳು.